ಮಿಷನರಿಗಳು ಒಯ್ದ ಆಫ್ರಿಕಾದ ಪ್ರತಿಮೆಗಳು: ಲೂಟಿಯೋ, ರಕ್ಷಣೆಯೋ?

ಮಸಿಕುಡಿಕೆ ಕೇಳಿದ್ದು:
1925ರಲ್ಲಿ ಪೋಪ್ ಹನ್ನೊಂದನೇ ಪಯಸ್ ವ್ಯಾಟಿಕನ್ನಿನಲ್ಲಿ ಮಿಷನ್ ಪ್ರದರ್ಶನ ನಡೆಸಿದಾಗ ಲೋಕದ ನಾನಾ ಕಡೆಯಿಂದ ಸುಮಾರು ಒಂದು ಲಕ್ಷ ವಸ್ತು ಬಂದವಂತೆ. ಅದರಲ್ಲಿ 40,000ದಷ್ಟು ಅಲ್ಲೇ ಉಳಿದು ಮ್ಯೂಸಿಯಂ ಆಯಿತು. ಆಫ್ರಿಕಾದ ಮುಖವಾಡ, ಪ್ರತಿಮೆಗಳೂ ಅದರಲ್ಲಿವೆ. ನನಗೆ ಅರ್ಥವಾಗದ್ದು ಇಷ್ಟೇ: ‘ಇವನ್ನು ಪೂಜಿಸಬೇಡಿ’ ಅನ್ನಲು ಹೋದವರೇ ಇವನ್ನು ಜೋಪಾನವಾಗಿ ಕಟ್ಟಿ ತಂದದ್ದೇಕೆ? ಸುಟ್ಟು ಹಾಕಬಹುದಿತ್ತಲ್ಲ? ಬೈಗುಳ ಬೇಡ, ಉದಾಹರಣೆ ಕೊಡಿ.

ಕಪಾಟಿನ ಹುಳು:
ಸುಡಲಿಲ್ಲ ಅಂದವರು ಯಾರು ಸ್ವಾಮಿ? 17ನೇ ಶತಮಾನದಲ್ಲಿ ಕಾಂಗೋಗೆ ಹೋದ ಕಪುಚಿನ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಪಂಗಡದ ಪಾದ್ರಿಗಳು ಧಾರಾಳವಾಗಿ ಸುಟ್ಟರು, ಸುಟ್ಟದ್ದನ್ನು ಹೆಮ್ಮೆಯಿಂದ ಬರೆದೂ ಇಟ್ಟರು. ಕಟ್ಟಿ ಕಳಿಸುವ ಚಾಳಿ ಬಲವಾದದ್ದು 19ನೇ ಶತಮಾನದಲ್ಲಿ. ಹೊಸದಾಗಿ ಹೋಗುವ ಪಾದ್ರಿಗೆ ಪಾಠಕ್ಕೆ ಬೇಕಿತ್ತು, ಯುರೋಪಿನ ಭಕ್ತರಿಗೆ ತೋರಿಸಿ ದೇಣಿಗೆ ಎತ್ತಲೂ ಬೇಕಿತ್ತು. ಫ್ರಾನ್ಸಿನ ಲಿಯೋನ್‌ನಲ್ಲಿ 1856ರಲ್ಲಿ ಶುರುವಾದ ಆಫ್ರಿಕನ್ ಮಿಷನ್ ಸೊಸೈಟಿಗಂತೂ ತನ್ನದೇ ಮ್ಯೂಸಿಯಂ ಇತ್ತು. (ಅದರ ಸ್ಥಾಪಕ ಬ್ರೆಸಿಯಾಕ್ ಮೊದಲು ಕೊಯಮತ್ತೂರಿನಲ್ಲಿ ಬಿಷಪ್ ಆಗಿದ್ದವನು. 1859ರಲ್ಲಿ ಪಶ್ಚಿಮ ಆಫ್ರಿಕಾದ ಫ್ರೀಟೌನ್‌ನಲ್ಲಿ ಇಳಿದ ಕೆಲವೇ ವಾರಗಳಲ್ಲಿ ಹಳದಿ ಜ್ವರಕ್ಕೆ ಬಲಿಯಾದ.)

ನಾನು ಮೊದಲು ನೋಡುವುದು ಪ್ರತಿಮೆಯ ಹೊಟ್ಟೆ. ಕಾಂಗೋ ಜನರ ನ್ಕಿಸಿ ನ್ಕೊಂಡಿ ಗೊತ್ತಲ್ಲ, ಮೈತುಂಬಾ ಮೊಳೆ ಹೊಡೆದ ಮರದ ಆಳು? ಆಣೆಯಿಟ್ಟರೆ, ರಾಜಿಯಾದರೆ, ಕಳ್ಳನನ್ನು ಹಿಡಿಯಬೇಕಾದರೆ ಮೊಳೆ ಹೊಡೆಯುತ್ತಿದ್ದರು. ಹೊಟ್ಟೆಯ ಗೂಡಿನಲ್ಲಿ ನ್ಗಂಗಾ, ಅಂದರೆ ಅವರ ಮಂತ್ರವಾದಿ, ಗೋರಿಯ ಮಣ್ಣು, ಬೇರು ಇತ್ಯಾದಿ ತುಂಬಿ ಕನ್ನಡಿಯಿಂದ ಮುಚ್ಚುತ್ತಿದ್ದ. ಆ ಮದ್ದು ಇದ್ದರೆ ಅದಕ್ಕೆ ಶಕ್ತಿ, ತೆಗೆದರೆ ಬರೀ ಮರ. ಮ್ಯೂಸಿಯಂಗಳಲ್ಲಿ ಎಷ್ಟೋ ನ್ಕಿಸಿಗಳ ಗೂಡು ಖಾಲಿ. ಕೊಡುವ ಮುಂಚೆ ನ್ಗಂಗಾನೇ ತೆಗೆದುಕೊಂಡನೋ, ಪಾದ್ರಿ ಕಿತ್ತನೋ? ಲೂಟಿಯೋ ಅಲ್ಲವೋ ಎಂಬುದಕ್ಕೆ ಉತ್ತರ ಇರುವುದು ಅಲ್ಲಿ. ಲೇಬಲ್ಲಿನಲ್ಲಿ ಮಾತ್ರ ‘ಮರ, ಕಬ್ಬಿಣ, ಕನ್ನಡಿ’ ಅಂತಿರುತ್ತದೆ, ಅಷ್ಟೆ.

ಅರ್ಧ_ಒಪ್ಪಿಗೆ:
ಎಲ್ಲದಕ್ಕೂ ಪಾದ್ರಿಯನ್ನೇ ಹೊಣೆ ಮಾಡಬೇಡಿ. 1950ರ ಆಸುಪಾಸಿನಲ್ಲಿ ಐವರಿ ಕೋಸ್ಟ್‌ನ ಉತ್ತರ ಭಾಗದಲ್ಲಿ, ಕೊರೊಗೊ ಸೀಮೆಯ ಸೆನುಫೊ ಜನರಲ್ಲಿ ‘ಮಾಸಾ’ ಎಂಬ ಪಂಥ ಹಬ್ಬಿತು. ಅದು ಆಫ್ರಿಕಾದ್ದೇ, ಚರ್ಚಿನದಲ್ಲ. ಹಳೆಯ ಪ್ರತಿಮೆಗಳನ್ನೆಲ್ಲ ಬಿಸಾಡಿ ಅಂದಿತು, ಜನ ಬಿಸಾಡಿದರು. ಅಲ್ಲಿನ ಲತಹಾ ಎಂಬ ಊರಿನಲ್ಲಿ ಅವನ್ನು ಆಯ್ದು ಉಳಿಸಿದವನು ಮಿಶೆಲ್ ಕಾನ್ವೆರ್ ಎಂಬ ಪಾದ್ರಿ. ಇಲ್ಲಿ ಲೂಟಿ ಎಲ್ಲಿ?

ಕಪಾಟಿನ ಹುಳು:
ಬಿಸಾಡಿದ್ದು ನಿಜ. ಆದರೆ ಅವು ಪೋರೋ ಎಂಬ, ಸೆನುಫೊ ಗಂಡಸರ ದೀಕ್ಷಾ ಸಂಘದ ದೇವರಕಾಡಿನವು. ಹಿರಿಯರ ಶವಸಂಸ್ಕಾರದಲ್ಲಿ ತೋಳು ಹಿಡಿದೆತ್ತಿ, ಲಯಕ್ಕೆ ತಕ್ಕಂತೆ ನೆಲಕ್ಕೆ ಕುಟ್ಟುತ್ತಾ ಸಾಗುವ ಪ್ರತಿಮೆಗಳೂ ಅದರಲ್ಲಿದ್ದವು. ಪಂಥದ ಕಾವು ಆರಿದ ಮೇಲೆ ಹಿರಿಯರು ವಾಪಸ್ ಕೇಳಿದ್ದರೆ? ಅಷ್ಟರಲ್ಲಿ ಕೆಲವು ವ್ಯಾಪಾರಿಗಳ ಕೈದಾಟಿ ಜ್ಯೂರಿಕ್, ನ್ಯೂಯಾರ್ಕ್ ಸೇರಿದ್ದವು. ಆಯ್ದದ್ದನ್ನು ತಪ್ಪೆನ್ನಲಾರೆ, ಮಾರಾಟವನ್ನು ಒಪ್ಪಲಾರೆ.

ಉಳಿ_ಸುತ್ತಿಗೆ:
ಒಯ್ದವರದ್ದೇ ಮಾತಾಯಿತು, ಮಾಡಿಸಿದವರೂ ಇದ್ದರು. 1947ರಲ್ಲಿ ನೈಜೀರಿಯಾದ ಓಯೆ-ಎಕಿಟಿಯಲ್ಲಿ ಕೆವಿನ್ ಕ್ಯಾರಲ್ ಎಂಬ ಪಾದ್ರಿ ಯೊರುಬಾ ಕೆತ್ತನೆಗಾರರನ್ನು ಸೇರಿಸಿ ಚರ್ಚಿನ ಬಾಗಿಲು, ಯೇಸು ಜನನದ ಗೊಂಬೆ ಕೆತ್ತಿಸಿದ. ಅಲ್ಲಿ ಕೆತ್ತಿದ ಲಾಮಿಡಿ ಫಕೆಯೆ ಮುಸಲ್ಮಾನ! ಆಮೇಲೆ ದೊಡ್ಡ ಹೆಸರು ಮಾಡಿದ.

ಮಸಿಕುಡಿಕೆ:
ಇದು ಗೊತ್ತೇ ಇರಲಿಲ್ಲ. ಹಾಗಾದರೆ ಲೇಬಲ್ ನಂಬದೆ ಏನನ್ನು ನೋಡಲಿ?

ಕಪಾಟಿನ ಹುಳು:
ಸವೆತ ನೋಡಿ. ಯೊರುಬಾದವರ ಇಬೆಜಿ ಗೊಂಬೆ, ಸತ್ತ ಅವಳಿ ಮಗುವಿನದು, ತಾಯಿ ತೊಳೆದು, ಉಣಿಸಿ, ಕೆಂಪು ಪುಡಿ ಸವರಿ ಕಣ್ಣುಮೂಗು ನುಣ್ಣಗಾಗಿರುತ್ತದೆ. ಹಾಗಿದ್ದರೆ ಅದು ಯಾರದೋ ಮನೆಯಲ್ಲಿ ಬಾಳಿದ್ದು. ಚೂಪಾಗಿ ಹೊಸದರಂತಿದ್ದರೆ ಮಾರಲೆಂದೇ ಮಾಡಿರಬಹುದು. ಆಮೇಲೆ ಮ್ಯೂಸಿಯಂಗೆ ಬರೆದು ಮೂರು ಕೇಳಿ: ಯಾವ ಊರಿನಿಂದ, ಯಾವ ವರ್ಷ, ಕೊಟ್ಟವರು ಯಾರು. ಕ್ಯಾಟಲಾಗಿನಲ್ಲಿ ಇಲ್ಲ ಅಂದರೆ ಅದನ್ನು ತಂದ ಮಿಷನರಿ ಸಭೆಯ ದಫ್ತರದಲ್ಲಿ ಪಾದ್ರಿಯ ದಿನಚರಿ, ಮನೆಗೆ ಬರೆದ ಕಾಗದ ಇರಬಹುದು. ಅದನ್ನೂ ಕೇಳಿ.