‘ನಕಲಿ ಫೋಟೊ’ ಅಂದರೆ ಯಾವುದು ನಕಲಿ?

ಗೆಳೆಯರೇ,

ಬಿಗ್‌ಫೂಟ್ ಫೋಟೊಗಳ ಬಗ್ಗೆ ಮಕ್ಕಳ ಪತ್ರಿಕೆಯೊಂದಕ್ಕೆ ಲೇಖನ ಬರೆಯುತ್ತಿದ್ದೇನೆ. ಬಿಗ್‌ಫೂಟ್ ಅಂದರೆ ಉತ್ತರ ಅಮೆರಿಕದ ಕಾಡುಗಳಲ್ಲಿದೆ ಎಂದು ಕೆಲವರು ನಂಬುವ, ಮೈತುಂಬ ಕೂದಲಿನ ದೈತ್ಯ ಜೀವಿ. ‘ನಕಲಿ’ ಎಂಬ ಪದದ ಹತ್ತಿರ ಪೆನ್ನು ನಿಂತಿದೆ. ಈ ಒಂದೇ ಪದವನ್ನು ನಾವು ಮೂರು ಬೇರೆ ಬೇರೆ ಸಂಗತಿಗಳಿಗೆ ಬಳಸುತ್ತೇವೆ: ಆಮೇಲೆ ತಿದ್ದಿದ ಫೋಟೊ, ವೇಷ ಹಾಕಿಸಿ ತೆಗೆದ ಫೋಟೊ, ಬೇರೇನನ್ನೋ ತಪ್ಪಾಗಿ ಕಂಡ ಫೋಟೊ. ಅದರಿಂದ ವಾದವೇ ದಿಕ್ಕು ತಪ್ಪುತ್ತದೆ.

1967ರ ಅಕ್ಟೋಬರ್ 20ರ ಫಿಲಂ ನಿಮಗೆಲ್ಲ ಗೊತ್ತಿರುತ್ತದೆ. ಉತ್ತರ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಎಂಬ ಹಳ್ಳದ ದಂಡೆಯಲ್ಲಿ ರೋಜರ್ ಪ್ಯಾಟರ್ಸನ್ 16 ಮಿ.ಮೀ. ಕ್ಯಾಮೆರಾದಲ್ಲಿ ತೆಗೆದದ್ದು. ಜೊತೆಗಿದ್ದವರು ಬಾಬ್ ಗಿಮ್ಲಿನ್. ಇಡೀ ಫಿಲಂ ಒಂದು ನಿಮಿಷದಷ್ಟು. ಮೈತುಂಬ ಕೂದಲಿರುವ ಆಕೃತಿಯೊಂದು ನಡೆಯುತ್ತಲೇ ನಮ್ಮ ಕಡೆ ತಿರುಗಿ ನೋಡುತ್ತದಲ್ಲ, ಅದು 352ನೇ ಫ್ರೇಮ್. ಇದನ್ನು ‘ನಕಲಿ’ ಅಂದರೆ ಓದುವ ಮಗು ಏನು ತಿಳಿಯಬೇಕು? ಫಿಲಂ ಅನ್ನು ಯಾರೋ ತಿದ್ದಿದ್ದಾರೆ ಅಂತಲಾ? ಮುಖ್ಯ ಅನುಮಾನ ಅದಲ್ಲ. ಕ್ಯಾಮೆರಾ ತನ್ನ ಮುಂದೆ ಇದ್ದದ್ದನ್ನೇ ಹಿಡಿದಿದೆ, ಆದರೆ ಮುಂದೆ ಇದ್ದದ್ದು ವೇಷ ತೊಟ್ಟ ಮನುಷ್ಯ ಎನ್ನುವುದು ಅನುಮಾನ. ಆ ವೇಷ ತೊಟ್ಟವನು ನಾನೇ ಎಂದು ಒಬ್ಬರು ಮುಂದೆ ಬಂದೂ ಆಯಿತು. ತಾನು ಯಾವ ಮೋಸದಲ್ಲೂ ಪಾಲುಗೊಂಡಿಲ್ಲ ಎಂದೇ ಗಿಮ್ಲಿನ್ ಹೇಳಿದರು. ಕ್ಯಾಮೆರಾ ಸೆಕೆಂಡಿಗೆ ಎಷ್ಟು ಫ್ರೇಮ್ ವೇಗದಲ್ಲಿ ಓಡುತ್ತಿತ್ತು ಎಂಬುದು ಖಚಿತವಿಲ್ಲ. ಹಾಗಾಗಿ ನಡಿಗೆಯ ವೇಗ ಲೆಕ್ಕ ಹಾಕಿ ತೀರ್ಪು ಕೊಡುವುದೂ ಕಷ್ಟ. ನನಗಂತೂ ಅದು ವೇಷ ಅಂತಲೇ ಅನ್ನಿಸುತ್ತದೆ. ಹಾಗಿದ್ದರೆ ‘ಸೋಗಿನ ಚಿತ್ರ’ ಎನ್ನಬಹುದಲ್ವಾ? ‘ಸೋಗು’ ನಮ್ಮಲ್ಲಿ ಬಳಕೆಯಲ್ಲಿರುವ ಒಳ್ಳೆಯ ಪದ. ವೇಷವೂ ಅದರಲ್ಲಿದೆ, ಮೋಸವೂ ಇದೆ.

‘ನಕಲಿ’ಯಲ್ಲಿ ಇನ್ನೊಂದು ತೊಡಕೂ ಇದೆ. ‘ನಕಲು’ ಅಂದರೆ ಪ್ರತಿ. ತಾಲ್ಲೂಕು ಕಚೇರಿಯಲ್ಲಿ ದೃಢೀಕರಿಸಿದ ನಕಲು ಕೇಳಿದರೆ ಯಾರೂ ಖೋಟಾ ಕಾಗದ ಕೊಡುವುದಿಲ್ಲ. ಪ್ಯಾಟರ್ಸನ್ ಫಿಲಂ ವಿಷಯದಲ್ಲಿ ನಾವೆಲ್ಲ ನೋಡುವುದೇ ನಕಲಿನ ನಕಲನ್ನು. ಎರಡೂ ಅರ್ಥ ಒಂದೇ ಪ್ಯಾರಾದಲ್ಲಿ ಬಂದರೆ ಗೊಂದಲ ಜಾಸ್ತಿ.

ಮೂರನೆಯ ಬಗೆ ಇನ್ನೂ ಕಷ್ಟದ್ದು. ಅದರಲ್ಲಿ ಮೋಸ ಮಾಡಿದವರೇ ಇರುವುದಿಲ್ಲ. 2007ರಲ್ಲಿ ಪೆನ್ಸಿಲ್ವೇನಿಯಾದ ಕಾಡಿನಲ್ಲಿ ಬೇಟೆಗಾರರೊಬ್ಬರು ಕಟ್ಟಿದ್ದ ಕ್ಯಾಮೆರಾದಲ್ಲಿ ಬಡಕಲು ಮೈಯ ಪ್ರಾಣಿಯೊಂದು ಸಿಕ್ಕಿತು. ಬಿಗ್‌ಫೂಟ್ ಮರಿ ಎಂದು ಸುದ್ದಿಯಾಯಿತು. ಕಜ್ಜಿ ಹತ್ತಿ ಕೂದಲು ಉದುರಿದ ಕರಡಿ ಅದು ಎಂದು ಅಲ್ಲಿನ ವನ್ಯಜೀವಿ ಇಲಾಖೆ ಹೇಳಿತು. 1986ರಲ್ಲಿ ನಮ್ಮ ಹಿಮಾಲಯದಲ್ಲೇ ಆಂಟನಿ ವುಲ್ಡ್ರಿಜ್ ಎಂಬ ಪ್ರವಾಸಿ ಹಿಮದ ಇಳಿಜಾರಿನಲ್ಲಿ ನಿಂತದ್ದು ಯೇತಿ, ಅಂದರೆ ಹಿಮಮಾನವ, ಎಂದುಕೊಂಡು ಫೋಟೊ ತೆಗೆದರು. ಆಮೇಲೆ ಪರೀಕ್ಷಿಸಿದಾಗ ಅದು ಬಂಡೆ ಎಂದು ತಿಳಿಯಿತು, ಅವರೂ ಒಪ್ಪಿಕೊಂಡರು. ಇಂಥ ಪ್ರಾಮಾಣಿಕ ಮನುಷ್ಯನ ಫೋಟೊವನ್ನು ‘ನಕಲಿ’ ಎಂದು ಬರೆಯುವುದು ಅನ್ಯಾಯ. ಫೋಟೊ ಅಸಲಿ, ನೋಟ ತಪ್ಪು. ಹಗ್ಗವನ್ನು ಹಾವು ಎಂದುಕೊಂಡ ಹಾಗೆ. ‘ಕಣ್ಕಟ್ಟು’ ಇಲ್ಲಿ ಹೊಂದುವುದಿಲ್ಲ, ಕಣ್ಣು ಕಟ್ಟುವವನೊಬ್ಬ ಅದರ ಹಿಂದೆ ಇರಲೇಬೇಕು.

‘ಎನ್ನಲಾದ’ ಎಂಬುದನ್ನು ಎಲ್ಲಿ ಇಡಬೇಕು ಅನ್ನುವುದೂ ಯೋಚಿಸಬೇಕಾದದ್ದೇ. ‘ಬಿಗ್‌ಫೂಟ್ ಎನ್ನಲಾದ ಪ್ರಾಣಿಯ ಫೋಟೊ’ ಅಂದರೆ ಅದು ಪ್ರಾಣಿ ಅಂತ ಒಪ್ಪಿಬಿಟ್ಟಂತೆ. ‘ಬಿಗ್‌ಫೂಟ್‌ನದು ಎನ್ನಲಾದ ಫೋಟೊ’ ಸರಿ. ಅದಕ್ಕಿಂತ ‘ಪ್ಯಾಟರ್ಸನ್ ಹೇಳುವಂತೆ’ ಎಂದು ಹೇಳಿದವರ ಹೆಸರನ್ನೇ ಕೊಡುವುದು ವಾಸಿ. ‘ಆಪಾದಿತ ಫೋಟೊ’ ಮಾತ್ರ ಬೇಡ, ಆಪಾದನೆ ಬರುವುದು ಅಪರಾಧ ಹೊತ್ತವರ ಮೇಲೆ. ಬಿಗ್‌ಫೂಟ್‌ಗೆ ‘ಹಿಮಮಾನವ’ ಎಂದೂ ಸುಮ್ನೆ ಬರೆಯಬಾರದು. ಅದು ಯೇತಿಗೆ ಸರಿ. ಬ್ಲಫ್ ಕ್ರೀಕ್‌ನದು ದಟ್ಟ ಕಾಡಿನ ಕಥೆ.

ತಿದ್ದಿದ್ದಕ್ಕೆ ‘ತಿದ್ದಿದ ಫೋಟೊ’, ವೇಷಕ್ಕೆ ‘ಸೋಗಿನ ಫೋಟೊ’ ಎಂದು ಬರೆದುಕೊಂಡಿದ್ದೇನೆ. ಮೂರನೆಯದಕ್ಕೆ ಪದ ಬೇಕು. ಕಾಡಂಚಿನ ಊರುಗಳಲ್ಲಿ ಮುಸ್ಸಂಜೆ ಹೊತ್ತು ಮರದ ಮೋಟನ್ನು ಕರಡಿ ಎಂದುಕೊಂಡರೆ ಅದಕ್ಕೆ ಏನನ್ನುತ್ತಾರೆ? ಮಲೆನಾಡು, ಕೊಡಗು, ಚಾಮರಾಜನಗರದ ಕಡೆಯವರು ಹೇಳಿದರೆ ಆ ಪದವನ್ನೇ ಲೇಖನಕ್ಕೆ ತೆಗೆದುಕೊಳ್ಳುತ್ತೇನೆ.