ಗರಗಸದ ಮಾಸ್ತರರು, ಡಬ್ಬಿಯ ಸಾಹೇಬರು

ರೈಲ್‌ಕಾರು ಅಂದರೆ ಇಂಜಿನ್ನೂ ಅದೇ, ಬೋಗಿಯೂ ಅದೇ. ಕೆಳಗೆ ಡೀಸೆಲ್ ಇಂಜಿನ್, ಮೇಲೆ ಮಂದಿ, ಎರಡೂ ತುದಿಗೆ ಡ್ರೈವರ್ ಕೂರುವ ಜಾಗ. ಕೊನೆಯ ಸ್ಟೇಷನ್ನಿನಲ್ಲಿ ಇಂಜಿನ್ ಬಿಚ್ಚು, ಆ ಕಡೆ ಒಯ್ಯು, ಮತ್ತೆ ಜೋಡಿಸು ಅನ್ನುವ ತಾಪತ್ರಯ ಇಲ್ಲ. ಡ್ರೈವರ್ ತನ್ನ ಬುತ್ತಿ ಹಿಡಿದುಕೊಂಡು ಈ ತುದಿಯಿಂದ ಆ ತುದಿಗೆ ನಡೆದರೆ ಮುಗಿಯಿತು.

"ಅದಕ್ಕೇ ನೋಡ್ರಿ, ಆಟಿಕೆ ಮಾಡೋದಾದರೆ ರೈಲ್‌ಕಾರೇ ಮಾಡಬೇಕು" ಅನ್ನುತ್ತಾರೆ ಮಾಸ್ತರರು.

"ಆಟಿಕೆ ಅನ್ನಬೇಡ್ರಿ. ಮಾಡೆಲ್ ಅನ್ರಿ" ಅನ್ನುತ್ತಾರೆ ಸಾಹೇಬರು.

ನಮ್ಮ ಭಾನುವಾರದ ಹರಟೆ ಶುರುವಾಗುವುದೇ ಹೀಗೆ. ಜಾಗ ಬೆಳಗಾವಿಯ ಟಿಳಕವಾಡಿ, ಎರಡನೇ ರೈಲ್ವೆ ಗೇಟಿನ ಹತ್ತಿರ, ಮಾಸ್ತರರ ಮನೆಯ ಮಾಳಿಗೆ. ಮಾಸ್ತರರು ಗಣಿತ ಕಲಿಸಿ ನಿವೃತ್ತರಾದವರು. ಕೈಗೆ ಸಿಕ್ಕ ರೈಲ್‌ಕಾರನ್ನು ಕೊಯ್ದು ಬೇರೆ ಮಾಡುವುದು ಅವರ ಚಟ. ಸಾಹೇಬರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು, ಊರು ವಿಜಯಪುರ. ಅವರು ಕೊಂಡ ಮಾಡೆಲ್ಲಿನ ಡಬ್ಬಿಯನ್ನು ಒಡೆಯುವುದೇ ಇಲ್ಲ. ಲಾಕರಿನ ಅಭ್ಯಾಸ. ಉದ್ಯಮಬಾಗದಲ್ಲಿ ಲೇಥ್ ಇಟ್ಟಿರುವ ಕಾಕಾ ಮೂರನೆಯವರು. ವಿಟಿಯುದಲ್ಲಿ ಓದುವ ಒಬ್ಬ ತಮ್ಮ ಇದ್ದಾನೆ, ವೈರು-ಸರ್ಕ್ಯೂಟು ಅವನ ಖಾತೆ. ನಾನು ಚಹಾದ ಖಾತೆ.

ಸಾಹೇಬರಿಗೆ ಒಂದು ಆಸೆ. ಅವರ ಊರಿನ ಗೋಲಗುಂಬಜ್ ಎಕ್ಸ್‌ಪ್ರೆಸ್ಸನ್ನು ಈ ಮಾಳಿಗೆಯಲ್ಲಿ ಓಡಿಸಬೇಕು.

"ಲೆಕ್ಕ ಹಾಕ್ರಿ" ಅಂದರು ಮಾಸ್ತರರು. "ಎಚ್‌ಓ ಅಳತೆ ಅಂದರೆ 87ರಲ್ಲಿ ಒಂದು ಭಾಗ. ಚೆನ್ನೈನ ಐಸಿಎಫ್ ಕಾರ್ಖಾನೆಯ ನಮ್ಮ ನೀಲಿ ಬೋಗಿ ಬಫರ್‌ನಿಂದ ಬಫರ್‌ಗೆ 22.3 ಮೀಟರ್. ಅಂದರೆ ಇಲ್ಲಿ 25.6 ಸೆಂಟಿಮೀಟರ್. ಇಪ್ಪತ್ತು ಬೋಗಿ ಹಿಡಿದರೆ ಐದು ಮೀಟರ್ ದಾಟಿತು. ಈ ಕೋಣೆ ಇರೋದು 12 ಅಡಿ."

"ಹಂಗಾದರೆ?"

"ಇಂಜಿನ್ ಕಿಟಕಿ ದಾಟಿ ನಿಮ್ಮ ಊರಿನ ದಾರಿ ಹಿಡಿದಿರುತ್ತದೆ. ಗಾರ್ಡ್ ಇನ್ನೂ ನಮ್ಮ ಮೆಟ್ಟಿಲ ಮೇಲೆ ಹಸಿರು ಬಾವುಟ ಬೀಸ್ತಾ ಇರ್ತಾನೆ."

ಅದೇ ಜರ್ಮನಿಯ ಯೂರ್ಡಿಂಗನ್ ರೈಲ್‌ಬಸ್ಸು ನೋಡಿ. 1950ರ ದಶಕದ್ದು, ಎರಡೇ ಜೊತೆ ಚಕ್ರ, ಉದ್ದ 14 ಮೀಟರಿಗೂ ಒಂಚೂರು ಕಡಿಮೆ. ಎಚ್‌ಓದಲ್ಲಿ 16 ಸೆಂಟಿಮೀಟರ್. ಒಂದು ಹಲಗೆಯ ಮೇಲೆ ಊರು, ಗೇಟು, ಸ್ಟೇಷನ್ನು, ಎಲ್ಲ ಹಿಡಿಸುತ್ತದೆ. ರೈಲು ಬಂದು ನಿಂತರೂ ಪ್ಲಾಟ್‌ಫಾರ್ಮಿನಲ್ಲಿ ಜಾಗ ಮಿಕ್ಕಿರುತ್ತದೆ.

ಜಾಗ ಮಿಕ್ಕಿದ್ದೇ ತೊಂದರೆ. ಮಿಕ್ಕ ಜಾಗಕ್ಕೆ ಇನ್ನೊಂದು ಬರುತ್ತದೆ. ಅದರ ಪಕ್ಕ ಮತ್ತೊಂದು. ಮಾಸ್ತರರ ಕಪಾಟು ತುಂಬಿದ್ದು ಹೀಗೇ. ಬರ್ಲಿನ್–ಹ್ಯಾಂಬರ್ಗ್ ನಡುವೆ 1933ರಲ್ಲಿ ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಓಡಿದ 'ಹಾರುವ ಹ್ಯಾಂಬರ್ಗರ್' ಅಲ್ಲಿದೆ. ಪಕ್ಕದಲ್ಲೇ ಫ್ರಾನ್ಸಿನ 'ಪಿಕಾಸೊ'. ಇದರ ತಮಾಷೆ ಬೇರೆ. ಎರಡು ತುದಿಗೆ ಎರಡು ಕ್ಯಾಬಿನ್ ಯಾಕೆ, ಖರ್ಚು ಉಳಿಸೋಣ ಅಂತ ಡ್ರೈವರನನ್ನು ಒಂದೇ ಕ್ಯಾಬಿನ್ನಿನಲ್ಲಿ, ಅದೂ ಚಾವಣಿಯ ಮೇಲೆ ಒಂದು ಪಕ್ಕಕ್ಕೆ ಕೂರಿಸಿದರು. ಮೂಗು ಕಿವಿ ಸ್ಥಾನಪಲ್ಲಟ ಮಾಡಿ ಚಿತ್ರ ಬರೆಯುವ ಆ ಕಲಾವಿದನ ಹೆಸರು ರೈಲಿಗೆ ಅಂಟಿಕೊಂಡಿತು.

"ಅಲ್ರೀ, ಅವನು ಅಡ್ಡ ಕೂತು ಮುಂದೆ ಹೆಂಗೆ ನೋಡ್ತಾನೆ?" ಅಂತ ಕಾಕಾ ಕೇಳಿದರು.

"ಕುತ್ತಿಗೆ ತಿರುಗಿಸಿ."

"ದಿನಾ?"

"ದಿನಾ."

"ಪಿಂಚಣಿ ಜೊತೆಗೆ ಎಣ್ಣೆ ಬಾಟಲಿನೂ ಕೊಡಬೇಕಿತ್ತು ಪಾಪ."

ಸಾಹೇಬರ ಹತ್ತಿರ ಬುಗಾಟಿ ರೈಲ್‌ಕಾರು ಇದೆ. ರೊಯಾಲ್ ಅನ್ನುವ ಭಾರಿ ದುಬಾರಿ ಮೋಟಾರುಗಾಡಿ ಮಾಡಿ, ಕೊಳ್ಳುವವರು ಸಿಗದೆ, ಅದೇ ಇಂಜಿನ್ನನ್ನು ಆ ಕಂಪನಿ ರೈಲಿಗೆ ಕೂರಿಸಿತು. ಸಾಹೇಬರು ಇದನ್ನು ಹೆಮ್ಮೆಯಿಂದ ಹೇಳಿ ಮುಗಿಸುವ ಮೊದಲೇ ಮಾಸ್ತರರು, "ಅದು ಡೀಸೆಲ್ ಅಲ್ಲ, ಪೆಟ್ರೋಲ್. ನಮ್ಮ ಸಂಗ್ರಹಕ್ಕೆ ಸೇರೋದಿಲ್ಲ" ಅಂತ ಹೊರಗೆ ಹಾಕಿದರು. ಜಾತಿಯಿಂದ ಹೊರಗೆ ಹಾಕುವುದು ರೈಲಿನಲ್ಲೂ ಇದೆ.

ಗೇಜಿನ ಜಗಳ ಮಾತ್ರ ಬಗೆಹರಿಯುವಂಥದ್ದಲ್ಲ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19.3 ಬರಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿ 16.5, ಅದು ಹೊರದೇಶದ 1435ರ ಲೆಕ್ಕದ್ದು. ನಮ್ಮ ಬೋಗಿಯನ್ನು ಅದರ ಮೇಲೆ ನಿಲ್ಲಿಸಿದರೆ ಹಳಿಯ ಅಗಲದಲ್ಲಿ ನಿಜವಾಗಿ ಒಂದು ಗೇಣು ಕಳೆದುಹೋಗಿರುತ್ತದೆ.

"ಒಂದು ಗೇಣು ಅಂದರೆ ಹೊಲದ ಬದುವಿನಲ್ಲಿ ಕೋರ್ಟಿಗೆ ಹೋಗೋ ಮಾತು" ಅಂದರು ಕಾಕಾ.

"ಇಂಗ್ಲೆಂಡಿನವರದು ಇನ್ನೂ ಮಜಾ" ಅಂದರು ಮಾಸ್ತರರು. "ಅವರ ರೈಲು ಮೊದಲೇ ಸಣ್ಣದು. ಆ ಕಾಲದ ಮೋಟಾರು ಎಚ್‌ಓ ಬಾಡಿಯೊಳಗೆ ಹಿಡಿಸಲಿಲ್ಲ. ಮೋಟಾರು ಸಣ್ಣದು ಮಾಡೋದು ಬಿಟ್ಟು ರೈಲನ್ನೇ 76ರಲ್ಲಿ ಒಂದು ಭಾಗ ಅಂತ ದೊಡ್ಡದು ಮಾಡಿದರು. ಹಳಿ ಮಾತ್ರ ಅದೇ 16.5. ಓಓ ಅಳತೆ ಅಂತಾರೆ. ಇವತ್ತಿಗೂ ಹಂಗೇ ಓಡಿಸ್ತಾರೆ, ಅಡ್ಡಿಯಿಲ್ಲ."

ಮಾಸ್ತರರ ಸ್ವಂತ ಕನಸು ಶಿವಮೊಗ್ಗ–ತಾಳಗುಪ್ಪ ರೈಲ್‌ಬಸ್ಸು. ಮೀಟರ್ ಗೇಜ್ ಇದ್ದಾಗ ಆ ದಾರಿಯಲ್ಲಿ ಓಡುತ್ತಿತ್ತು. ಕಾಕಾ ಜೋಗಕ್ಕೆ ಹೋದಾಗ ಅದರಲ್ಲಿ ಕೂತವರು. ಆದ್ದರಿಂದ ಮಾಸ್ತರರು ಸೀಟಿನಿಂದ ಹಿಡಿದು ಚಾವಣಿಯವರೆಗೆ ಅವರನ್ನೇ ಕೇಳುತ್ತಾರೆ. ಕಾಕಾಗೆ ನೆನಪಿರುವುದು ಕಿಟಕಿ ಪಕ್ಕದಲ್ಲಿ ಸೀಟು ಸಿಗಲಿಲ್ಲ ಅನ್ನುವುದೊಂದೇ. ಇದಕ್ಕೆ ಹಳಿ ಮಾತ್ರ ಸಲೀಸು: ಟಿಟಿ ಅನ್ನುವ ಇನ್ನೊಂದು ಅಳತೆಯ ಹಳಿ 12 ಮಿಲಿಮೀಟರ್. 1000ವನ್ನು 87ರಿಂದ ಭಾಗಿಸಿದರೆ 11.5. ಅರ್ಧ ಮಿಲಿಮೀಟರಿಗೆ ಕಾಕಾ ಕೂಡ ಕೋರ್ಟಿಗೆ ಹೋಗುವುದಿಲ್ಲ.

ಇನ್ನು ಕೊಯ್ಯುವ ಕೆಲಸ. ಮಾಸ್ತರರ ಹತ್ತಿರ ಲಿಮಾ ಅನ್ನುವ ಇಟಲಿ ಕಂಪನಿಯ ಹಳೆಯ, ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆಯ ಮಾದರಿಯ ರೈಲ್‌ಕಾರು ಇದೆ. ಕಂಪನಿ 2004ರಲ್ಲೇ ಮುಚ್ಚಿತು, ರೈಲು ಇನ್ನೂ ಓಡುತ್ತದೆ. ಓಡುತ್ತದೆ ಅನ್ನುವುದಕ್ಕಿಂತ ಅರಚುತ್ತದೆ ಅನ್ನಬೇಕು. ಅದರ ಚಕ್ರಗಳ ಚೌಕಟ್ಟಿನೊಳಗೆ ಗುಂಡಗೆ, ಚಪ್ಪಟೆಯಾಗಿ ಕೂತಿರುವ 'ಪ್ಯಾನ್‌ಕೇಕ್' ಮೋಟಾರಿಗೆ ಮೆಲ್ಲಗೆ ಹೊರಡುವುದು ಗೊತ್ತೇ ಇಲ್ಲ. ನಿಂತರೆ ನಿಂತೇ ಬಿಡುತ್ತದೆ, ಹೊರಟರೆ ಸೀದಾ ಗೋಡೆಗೆ.

ಇದಕ್ಕೆ ಮದ್ದು ಹಳೆಯ ಸಿಡಿ ಪ್ಲೇಯರಿನ ಮೋಟಾರು. ಹೊರದೇಶದ ಹವ್ಯಾಸಿಗಳು ಎಷ್ಟೋ ವರ್ಷದಿಂದ ಮಾಡುತ್ತಾ ಬಂದ ಕೆಲಸ. ಲಿಮಾ ಮೋಟಾರಿನ ಆರ್ಮೇಚರ್ ಅನ್ನುವ ತಿರುಗುವ ತಂತಿ ಸುರುಳಿ, ಆಯಸ್ಕಾಂತ ಎರಡನ್ನೂ ತೆಗೆದು ಎಸೆಯಬೇಕು, ಹಲ್ಲುಚಕ್ರಗಳನ್ನು ಹಾಗೇ ಉಳಿಸಬೇಕು. ಖಾಲಿಯಾದ ಗುಂಡು ಜಾಗದಲ್ಲಿ ಸಿಡಿ ಮೋಟಾರು ಕೂರುತ್ತದೆ. ಅದರ ದಂಡಕ್ಕೆ ಪಿನಿಯನ್ ಅನ್ನುವ ಸಣ್ಣ ಹಲ್ಲುಚಕ್ರ ಒತ್ತಿ ಕೂರಿಸಬೇಕು. ಈಗ ಬಂತು ನಾಜೂಕಿನ ಕೆಲಸ. ಪಿನಿಯನ್ ಹಲ್ಲು ಮೊದಲ ಚಕ್ರದ ಹಲ್ಲಿಗೆ ತೀರಾ ಒತ್ತಿದರೆ ಗಾಡಿ ಬಿಗಿಯುತ್ತದೆ, ದೂರವಾದರೆ ಜಾರುತ್ತದೆ. ಮಾಸ್ತರರು ಬಸ್ ಟಿಕೆಟಿನ ತೆಳು ಕಾಗದದ ಪಟ್ಟಿಯೊಂದನ್ನು ಎರಡು ಹಲ್ಲುಗಳ ನಡುವೆ ಸಿಕ್ಕಿಸಿದರು. ಮೋಟಾರನ್ನು ಬೆರಳಿನಿಂದ ಒತ್ತಿ ಹಿಡಿದು, ಅಂಚಿಗೆ ಅಂಟು ಹಾಕಿ, ಉಸಿರು ಬಿಗಿಹಿಡಿದು ಕೂತರು. ಅಂಟು ಗಟ್ಟಿಯಾದ ಮೇಲೆ ಚಕ್ರ ತಿರುಗಿಸಿದರೆ ಕಾಗದ ತಾನೇ ಹೊರಗೆ ಬಂತು. ಹಲ್ಲಿನ ಗುರುತು ಸಾಲಾಗಿ ಮೂಡಿತ್ತು. ನಡುವೆ ಉಳಿದದ್ದು ಆ ಕಾಗದದ ದಪ್ಪದಷ್ಟೇ ಸಂದು. ತಮ್ಮ ಎರಡು ವೈರು ಬೆಸೆದ. ಈ ಮೋಟಾರುಗಳು ಎಷ್ಟೋ ಸಲ 12 ವೋಲ್ಟಿನವು ಆಗಿರುವುದಿಲ್ಲ, ಅದಕ್ಕೆ ಮಧ್ಯದಲ್ಲಿ ಒಂದು ರೆಸಿಸ್ಟರ್ ಸೇರಿಸಿದ. ರೈಲ್‌ಕಾರು ಹೊಸ ಸೊಸೆಯ ಹಾಗೆ ಸದ್ದಿಲ್ಲದೆ ಹೊರಟಿತು.

ಅಷ್ಟರಲ್ಲಿ ಮಾಸ್ತರರ ಮನೆಯವರು, ನಮ್ಮೆಲ್ಲರ ವೈನಿ, ಚುರುಮುರಿ ತಂದರು. "ಮೋಟಾರು ಎಲ್ಲಿಂದ ಬಂತು?" ಅಂದರು.

ಯಾರೂ ಮಾತಾಡಲಿಲ್ಲ.

"ನನ್ನ ಭಜನೆ ಕೇಳೋ ಪ್ಲೇಯರ್ ಹೋದ ವಾರದಿಂದ ತಿರುಗ್ತಾ ಇಲ್ಲ."

"ತಿರುಗ್ತಾ ಇದೆ ನೋಡು" ಅಂತ ಮಾಸ್ತರರು ಹಳಿಯ ಕಡೆ ತೋರಿಸಿದರು.

"ಕೋಣೆ ತುಂಬ ರೈಲು. ತವರಿಗೆ ಹೋಗೋಕೆ ಒಂದೂ ಉಪಯೋಗಕ್ಕೆ ಬರೋದಿಲ್ಲ" ಅಂದು ವೈನಿ ಇಳಿದುಹೋದರು. ಚುರುಮುರಿ ಬಿಟ್ಟು ಹೋದದ್ದು ದೊಡ್ಡ ಮನಸ್ಸು.

ಚಕ್ರದ ಕೆಲಸ ಕಾಕಾನದು. ಅವರ ಲೇಥಿನಲ್ಲಿ ಪಂಪಿನ ಬಿಡಿಭಾಗ ತಿರುಗುತ್ತದೆ. ಹತ್ತು ಮಿಲಿಮೀಟರಿನ ರೈಲುಚಕ್ರ ಮೊದಲ ಸಲ ಕೈಗೆ ಬಂದಾಗ, ಕೆಳಗೆ ಬಿದ್ದರೆ ಹುಡುಕೋಕೆ ಬೇರೆ ಆಳು ಇಡಬೇಕು ಅಂದಿದ್ದರು. ಈಗ ಅವರಿಗೇ ಹುಚ್ಚು ಹತ್ತಿದೆ. ಎರಡು ಚಕ್ರಗಳ ಒಳಬದಿಯ ಅಂತರ 14.5 ಮಿಲಿಮೀಟರ್ ಇರಬೇಕು, ಕೂದಲೆಳೆ ಆಚೀಚೆ ಆದರೂ ಹಳಿ ಕವಲೊಡೆಯುವ ಜಾಗದಲ್ಲಿ ಗಾಡಿ ನೆಲ ಕಾಣುತ್ತದೆ. ಗಿರಾಕಿಯ ಕೆಲಸಕ್ಕೆ ಇಷ್ಟು ನಿಗಾ ಕೊಟ್ಟಿದ್ದರೆ ಕಾಕಾ ಇಷ್ಟೊತ್ತಿಗೆ ಇನ್ನೆರಡು ಶೆಡ್ ಕಟ್ಟುತ್ತಿದ್ದರು ಅಂತ ಸಾಹೇಬರ ಅಂದಾಜು.

ತಮ್ಮನ ಪಾಲಿಗೆ ಡಿಸಿಸಿ, ಅಂದರೆ ಒಂದೊಂದು ಗಾಡಿಯನ್ನೂ ನಂಬರಿನಿಂದ ಕರೆದು ಓಡಿಸುವ ಡಿಜಿಟಲ್ ವ್ಯವಸ್ಥೆ. ಹಳಿಯಲ್ಲಿ ಯಾವಾಗಲೂ ಕರೆಂಟು ಇರುತ್ತದೆ. ಒಂದೊಂದು ಗಾಡಿಯೊಳಗೂ ಉಗುರಿನಷ್ಟು ಡಿಕೋಡರ್ ಕೂತು ತನ್ನ ನಂಬರು ಕೇಳಿದಾಗ ಮಾತ್ರ ಓಗೊಡುತ್ತದೆ. ಹೊಸದಾಗಿ ಬಂದ ಡಿಕೋಡರಿಗೆ ಸಾಮಾನ್ಯವಾಗಿ ವಿಳಾಸ 3 ಅಂತಲೇ ಇರುತ್ತದೆ, ನಾವೇ ಬದಲಿಸಿಕೊಳ್ಳಬೇಕು. ತಮ್ಮ ಅವಸರದಲ್ಲಿ ಎರಡು ಗಾಡಿಗೆ ಡಿಕೋಡರ್ ಹಾಕಿ ಹಾಗೇ ಹಳಿಗೆ ಇಟ್ಟ. 3 ಒತ್ತಿದ. ಈ ಕಡೆಯಿಂದ ಹ್ಯಾಂಬರ್ಗರ್, ಆ ಕಡೆಯಿಂದ ರೈಲ್‌ಬಸ್ಸು, ಎರಡೂ ತನ್ನನ್ನೇ ಕರೆದರು ಅಂತ ಹೊರಟವು.

"ಮೂರನೇ ಗೇಟು ಹಾಕ್ರೋ!" ಅಂತ ಕಾಕಾ ಕೂಗಿದ್ದು ಕೆಳಗಿನ ಮನೆಯವರಿಗೂ ಕೇಳಿತು. ಮೂರನೇ ಗೇಟಿನ ಕಡೆಯವರು ಸುಮ್ನೆ ಗಾಬರಿಯಾಗಿದ್ದಾರು.

ಇಷ್ಟೆಲ್ಲ ನಡೆಯುವಾಗ ಸಾಹೇಬರ ಮುಖ ನೋಡಬೇಕು. ಹಳೆಯ ಬಣ್ಣ ಕೀಳಲು ಮಾಸ್ತರರು ಕೊರೊನಾ ಕಾಲದಲ್ಲಿ ಮಿಕ್ಕಿದ ಸ್ಯಾನಿಟೈಜರಿನಲ್ಲಿ ಬಾಡಿ ನೆನೆ ಹಾಕಿದಾಗಲಂತೂ ಅವರು ಕಣ್ಣು ಮುಚ್ಚಿಕೊಂಡರು. ಐಸೊಪ್ರೊಪೈಲ್ ಆಲ್ಕೋಹಾಲ್ ಇರುವ ಬಾಟಲಿ ಈ ಕೆಲಸಕ್ಕೆ ಚಲೋ.

"ಮಾಸ್ತರರ, ಕಂಪನಿಯವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿರ್ತಾರೆ. ನೀವು ಗರಗಸ ಹಾಕ್ತೀರಿ. ಪಾಪ ತಟ್ಟುತ್ತದೆ."

"ರೈಲ್ವೆಯವರೇ ಗರಗಸ ಹಾಕಿದ್ದಾರೆ ಸಾಹೇಬರ. ಬ್ರಿಟನ್ನಿನಲ್ಲಿ ಕ್ಲಾಸ್ 155 ಅಂತ ಎರಡು ಬೋಗಿಯ ಡೀಸೆಲ್ ಗಾಡಿ ಇದ್ದವು. 1991–92ರಲ್ಲಿ ಅಂಥ 35 ಜೋಡಿಗಳನ್ನು ಬಿಡಿಸಿ, ಒಂದೊಂದಕ್ಕೂ ಇನ್ನೊಂದು ತುದಿಗೆ ಹೊಸ ಕ್ಯಾಬಿನ್ ಹಚ್ಚಿ, 70 ಒಂಟಿ ರೈಲ್‌ಕಾರು ಮಾಡಿದರು. ಕ್ಲಾಸ್ 153. ಆ ಹೊಸ ಕ್ಯಾಬಿನ್ ಇಕ್ಕಟ್ಟೋ ಇಕ್ಕಟ್ಟು."

"ಅದು ಅಲ್ಲಿ."

"ಇಲ್ಲೂ ಅಷ್ಟೇ. ನಮ್ಮ ಹಳೆಯ ಐಸಿಎಫ್ ಬೋಗಿಗೆ ವಯಸ್ಸಾದ ಮೇಲೆ ಕಿಟಕಿ ಮುಚ್ಚಿ, ತುದಿಗೆ ಬಾಗಿಲು ಇಟ್ಟು, ಮೋಟಾರುಗಾಡಿ ಸಾಗಿಸೋ ಬೋಗಿ ಮಾಡ್ತಾರೆ. ಎನ್‌ಎಂಜಿ ಅಂತ ಬರೆದಿರ್ತದೆ, ಸ್ಟೇಷನ್ನಿನಲ್ಲಿ ನೋಡಿಲ್ಲೇನು? ಖರೆ ರೈಲೇ ಹಾಗಿದ್ದ ಹಾಗೆ ಇರೋದಿಲ್ಲ. ನಿಮ್ಮ ಡಬ್ಬಿಯೊಳಗಿನದು ಮಾತ್ರ ಯಾಕೆ ಇರಬೇಕು?"

"ನನ್ನದು ಹತ್ತು ವರ್ಷದಿಂದ ಹಾಗೇ ಇದೆ" ಅಂದರು ಸಾಹೇಬರು.

ಈ ಮಾತಿಗೇ ಪಂದ್ಯ ಬಿತ್ತು. ಮುಂದಿನ ಭಾನುವಾರ ಸಾಹೇಬರು ಒಂದು ಡಬ್ಬಿ ತಂದರು. ಮೇಲೆ ಅಂಟಿಸಿದ ಟೇಪು ಕೂಡ ಕಂಪನಿಯದೇ. ಬ್ಲೇಡಿನಿಂದ ಒಂದೇ ಗೆರೆ ಎಳೆದು ತೆರೆದರು. ಒಳಗಿನ ಫೋಮ್ ಪುಡಿಪುಡಿಯಾಗಿ ಬಣ್ಣಕ್ಕೆ ಅಂಟಿಕೊಂಡಿತ್ತು. ರೈಲ್‌ಕಾರಿನ ನಡು ಮೇಲೆದ್ದಿತ್ತು. ಬಾಡಿ ಎತ್ತಿದರೆ ಲೋಹದ ಚಾಸಿ ಉಬ್ಬಿ, ಬಿರುಕು ಬಿಟ್ಟು, ಒಂದು ಮೂಲೆ ಮುರಿದು ಸಾಹೇಬರ ಅಂಗೈಗೆ ಬಿತ್ತು.

ತಮ್ಮ ನಗು ತಡೆಯಲು ಕಿಟಕಿಯ ಕಡೆ ತಿರುಗಿದ. ಕಾಕಾ ಮಾತ್ರ ಚೂರನ್ನು ಬೆಳಕಿಗೆ ಹಿಡಿದು ನೋಡಿದರು.

"ಜಿಂಕ್ ಎರಕ. ಎರಕ ಹೊಯ್ಯುವಾಗ ಸೀಸ ಬೆರೆತಿದೆ. ಒಂಚೂರು ಬೆರೆತರೂ ಸಾಕು, ಒಳಗೊಳಗೇ ಕಣದ ಸಂದಿನಲ್ಲಿ ತಿನ್ನುತ್ತಾ ಬರುತ್ತದೆ. ತೇವ ಇದ್ದರೆ ಇನ್ನೂ ಜೋರು. ಬೆಳಗಾವಿ ಮಳೆಗಾಲ ಕೇಳಬೇಕೇ? ಇದಕ್ಕೆ ಔಷಧ ಇಲ್ಲ ಸಾಹೇಬರ. ಡಬ್ಬಿ ಒಡೆದರೂ ಅಷ್ಟೇ, ಒಡೆಯದಿದ್ದರೂ ಅಷ್ಟೇ."

ಸಾಹೇಬರು ಬಹಳ ಹೊತ್ತು ಸುಮ್ಮನಿದ್ದರು. ಚಹಾ ಕೊಟ್ಟೆ, ಕುಡಿದರು. ಮಾಸ್ತರರು ಅಂದರೆ ಮಾಸ್ತರರೇ. ಸಮಾಧಾನ ಹೇಳುವುದು ಬಿಟ್ಟು ಸ್ಕೇಲು ತೆಗೆದು ಬಾಡಿ ಅಳೆಯತೊಡಗಿದರು.

"ಬಾಡಿಗೆ ಏನೂ ಆಗಿಲ್ಲ. ಪ್ಲಾಸ್ಟಿಕ್. ಕೆಳಗೆ ಹಿತ್ತಾಳೆ ಪಟ್ಟಿಯ ಚಾಸಿ ಮಾಡಿದರೆ ನಮ್ಮ ಸಿಡಿ ಮೋಟಾರು ಹಿಡಿಸುತ್ತದೆ. ಒಂದು ಕಡೆ ಆರು ಮಿಲಿಮೀಟರ್ ಕೊಯ್ಯಬೇಕು, ಅಷ್ಟೇ."

"ಎಷ್ಟು?"

"ಆರು."

"ನಾಲ್ಕಕ್ಕೆ ಮುಗಿಯೋದಿಲ್ಲೇನು?" ಅಂದರು ಸಾಹೇಬರು. ಸಾಲದ ಬಡ್ಡಿ ಇಳಿಸುವಾಗಲೂ ಅವರು ಇದೇ ದನಿಯಲ್ಲಿ ಮಾತಾಡುತ್ತಿದ್ದಿರಬೇಕು.

ಐದಕ್ಕೆ ಒಪ್ಪಂದ ಆಯಿತು. ಚಕ್ರ ಕಾಕಾನದು, ಡಿಕೋಡರ್ ತಮ್ಮನದು, ವಿಳಾಸ 3 ಬಿಟ್ಟು ಯಾವುದಾದರೂ. ಮೋಟಾರು ಎಲ್ಲಿಂದ ತರುವುದು ಅನ್ನುವ ಪ್ರಶ್ನೆ ಬಂದಾಗ ಎಲ್ಲರೂ ಮೆಟ್ಟಿಲ ಕಡೆ ನೋಡಿದರು. ಆಮೇಲೆ ಸಾಹೇಬರು ತಮ್ಮ ಮನೆಯಲ್ಲೂ ಒಂದು ಪ್ಲೇಯರ್ ಇದೆ, ಮನೆಯವರು ಊರಿಗೆ ಹೋದಾಗ ನೋಡೋಣ ಅಂದರು.

ಹೊರಡುವಾಗ ಫೋಮಿನ ಪುಡಿ ಕೊಡವಿ, ಖಾಲಿ ಡಬ್ಬಿಗೆ ಮತ್ತೆ ಟೇಪು ಹಚ್ಚಿ ಕಂಕುಳಲ್ಲಿ ಇಟ್ಟುಕೊಂಡರು.

"ಅದನ್ಯಾಕೆ ಒಯ್ತೀರಿ?" ಅಂದರು ಮಾಸ್ತರರು.

"ಖಾಲಿ ಡಬ್ಬಿಗೂ ಗಿರಾಕಿ ಇದ್ದಾರೆ ರೀ. ಇಲ್ಲಿ ಬಿಟ್ಟರೆ ನೀವು ಸ್ಟೇಷನ್ನು ಕಟ್ಟಿಬಿಡ್ತೀರಿ."

ಮಾಸ್ತರರು ಇಲ್ಲ ಅನ್ನಲಿಲ್ಲ. ಅವರ ಕಣ್ಣು ಆಗಲೇ ಡಬ್ಬಿಯ ಮುಚ್ಚಳದ ಮೇಲಿತ್ತು.