ರಾಸ್ನದ ಬೇರು, ವಂಡ ಆರ್ಕಿಡ್: ಗುರುತಿಗೆ ಯಾವ ಡಿಎನ್‌ಎ ವಿಧಾನ ಸೂಕ್ತ?

ಪ್ರಶ್ನೆ – ಸ್ನಾತಕೋತ್ತರ ವಿದ್ಯಾರ್ಥಿನಿ, ಬಳ್ಳಾರಿ

ಸಂಡೂರಿನ ಗುಡ್ಡಗಳಲ್ಲಿ ಮರಗಳ ಮೇಲೆ ಬೆಳೆಯುವ ವಂಡ ಟೆಸ್ಸೆಲ್ಲಾಟಾ ಆರ್ಕಿಡನ್ನು ಪ್ರಬಂಧಕ್ಕೆ ಆರಿಸಿಕೊಂಡಿದ್ದೇನೆ. ಗ್ರಂಥಿಗೆ ಅಂಗಡಿಗಳಲ್ಲಿ ರಾಸ್ನವೆಂಬ ಆಯುರ್ವೇದ ಔಷಧಿಯೆಂದು ಕೊಡುವ ಒಣಬೇರು ಈ ಗಿಡದ್ದೇ, ಆಗಿದ್ದರೆ ನಮ್ಮ ಗುಡ್ಡದ್ದೇ ಎಂಬೆರಡನ್ನೂ ಐಎಸ್‌ಎಸ್‌ಆರ್ ಬೆರಳಚ್ಚಿನಿಂದಲೇ (ಡಿಎನ್‌ಎಯಲ್ಲಿ ಮರುಕಳಿಸುವ ಚಿಕ್ಕ ತುಣುಕುಗಳ ನಡುವಿನ ಭಾಗಗಳನ್ನು ವರ್ಧಿಸಿ, ಅಂದರೆ ಅನೇಕ ನಕಲು ಮಾಡಿ, ಪಟ್ಟಿಗಳಾಗಿ ನೋಡುವ ವಿಧಾನ) ತೀರ್ಮಾನಿಸಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ – ಸಸ್ಯಶಾಸ್ತ್ರ ಅಧ್ಯಾಪಕ, ರಾಯಚೂರು

ಇವು ಎರಡು ಬೇರೆ ಪ್ರಶ್ನೆಗಳಮ್ಮ, ಮೊದಲು ಬಿಡಿಸಿಕೊಳ್ಳಿ. ರಾಸ್ನವೆಂಬ ಹೆಸರಿನಲ್ಲಿ ಉತ್ತರ ಭಾರತದವರು ಪ್ಲೂಕಿಯ ಲ್ಯಾನ್ಸಿಯೊಲೇಟ ಎಂಬ ಗಿಡವನ್ನೂ, ಪೂರ್ವದವರು ವಂಡದ ಬೇರನ್ನೂ, ನಾವು ದಕ್ಷಿಣದವರು ಹೆಚ್ಚಾಗಿ ಶುಂಠಿ ಕುಟುಂಬದ ದುಂಪರಾಸ್ಮೆಯನ್ನೂ ಬಳಸುತ್ತ ಬಂದಿರುವುದರಿಂದ, ಅಂಗಡಿಯಲ್ಲಿ ದುಂಪರಾಸ್ಮೆ ಸಿಕ್ಕಿತೆಂದು ಅದನ್ನು ಕಲಬೆರಕೆಯೆಂದು ಬರೆಯುವುದು ಅನ್ಯಾಯ. ಪ್ರಭೇದದ ಗುರುತಿಗೆ ಡಿಎನ್‌ಎ ಬಾರ್‌ಕೋಡ್, ಅಂದರೆ ಪ್ರಭೇದವನ್ನು ಗುರುತಿಸಿಕೊಡುವ ಡಿಎನ್‌ಎ ಭಾಗಗಳ ಓದು, ಸಾಕು: 2009ರಲ್ಲಿ ಸಸ್ಯಗಳಿಗೆಂದು ಶಿಫಾರಸಾದ ಆರ್‌ಬಿಸಿಎಲ್, ಮ್ಯಾಟ್‌ಕೆ ಎಂಬ ಎರಡು ಜೀನ್‌ಗಳ ಜೊತೆಗೆ ಐಟಿಎಸ್ ಎಂಬ ಡಿಎನ್‌ಎ ಭಾಗವನ್ನೂ ಓದಿಸಿ.

ಒಣಬೇರಿಗೆ ಐಎಸ್‌ಎಸ್‌ಆರ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಆರ್ಕಿಡ್ ಬೇರಿನೊಳಗೆ ಶಿಲೀಂಧ್ರಗಳು ಸಹಜವಾಗಿಯೇ ನೆಲೆಸಿರುತ್ತವೆ. ಐಎಸ್‌ಎಸ್‌ಆರ್ ಪ್ರೈಮರುಗಳು (ವರ್ಧನೆಯನ್ನು ಆರಂಭಿಸುವ ಚಿಕ್ಕ ಡಿಎನ್‌ಎ ತುಣುಕುಗಳು) ಆ ಶಿಲೀಂಧ್ರಗಳ ಡಿಎನ್‌ಎಯನ್ನೂ ವರ್ಧಿಸಿ, ಗಿಡದ್ದಲ್ಲದ ಪಟ್ಟಿಗಳನ್ನು ಡಿಎನ್‌ಎ ತುಣುಕುಗಳನ್ನು ಬೇರ್ಪಡಿಸುವ ಜೆಲ್‌ನಲ್ಲಿ ತೋರಿಸಬಲ್ಲವು. ಇದೇ ಕಾರಣಕ್ಕೆ ಐಟಿಎಸ್‌ಗೂ ಸಸ್ಯಕ್ಕೆ ಮೀಸಲಾದ ಪ್ರೈಮರುಗಳನ್ನೇ ಆರಿಸಿಕೊಳ್ಳಿ.

ಉತ್ತರ – ತಳಿವಿಜ್ಞಾನ ಸಂಶೋಧಕಿ, ಬಳ್ಳಾರಿ

ಸರ್ ಹೇಳಿದ್ದು ಸರಿ. ಇನ್ನು ಬೇರು ಯಾವ ಗುಡ್ಡದ್ದೆಂಬ ಪ್ರಶ್ನೆಗೆ ಮೈಕ್ರೊಸ್ಯಾಟಲೈಟ್ ಗುರುತುಗಳು, ಅಂದರೆ ಮರುಕಳಿಸುವ ಆ ಚಿಕ್ಕ ತುಣುಕುಗಳೇ, ಉತ್ತಮ, ಏಕೆಂದರೆ ತಂದೆ ತಾಯಿ ಎರಡೂ ಕಡೆಯಿಂದ ಬಂದ ರೂಪಗಳು ಅವುಗಳಲ್ಲಿ ಪ್ರತ್ಯೇಕವಾಗಿ ಕಾಣುತ್ತವೆ. ಐಎಸ್‌ಎಸ್‌ಆರ್‌ನಲ್ಲಿ ಪಟ್ಟಿ ಇದೆ ಅಥವಾ ಇಲ್ಲ ಎಂಬಷ್ಟೇ ತಿಳಿಯುತ್ತದೆ. ಆದರೂ ಭರವಸೆ ಮಿತಿಯಲ್ಲಿರಲಿ. ಆರ್ಕಿಡ್ ಬೀಜಗಳು ಧೂಳಿನಂತೆ ಗಾಳಿಯಲ್ಲಿ ದೂರಕ್ಕೆ ಹೋಗುವುದರಿಂದ ನೆರೆಹೊರೆಯ ಗುಂಪುಗಳ ನಡುವಿನ ವ್ಯತ್ಯಾಸ ತೀರಾ ಕಡಿಮೆಯಿರಬಹುದು. ಆಂಧ್ರದ ಪೂರ್ವಘಟ್ಟದಂಥ ಬೇರೆ ನೆಲೆಗಳ ಮಾದರಿಗಳನ್ನೂ ಹೋಲಿಸದೆ ಒಂದು ಬೇರನ್ನು ಸಂಡೂರಿನದೆಂದು ಹೇಳಲಾಗದು.

ಬೇರು ಕೀಳಬೇಡಿ. ದೂರ ದೂರದ ಮರಗಳ ಗಿಡಗಳಿಂದ ಎಲೆಯ ತುದಿಯಷ್ಟೇ ಕತ್ತರಿಸಿ ತೇವ ಹೀರುವ ಸಿಲಿಕಾ ಜೆಲ್‌ನಲ್ಲಿ ಒಣಗಿಸಿದರೆ ಸಾಕು, ಗಿಡ ಉಳಿಯುತ್ತದೆ. ಗಣಿಗಾರಿಕೆಯಿಂದ ನೊಂದ ಆ ಗುಡ್ಡಗಳಲ್ಲಿ ಒಂದೊಂದು ಗಿಡವೂ ಮುಖ್ಯ.

ಉತ್ತರ – ಆಯುರ್ವೇದ ವೈದ್ಯ, ಕೊಪ್ಪಳ

ಡಿಎನ್‌ಎ ಗಿಡದ ಹೆಸರು ಹೇಳುತ್ತದೆಯೇ ಹೊರತು ಔಷಧದ ಸತ್ವವನ್ನಲ್ಲ. ಹಾಗಾಗಿ ಬೇರಿನ ರಾಸಾಯನಿಕಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಟಿಎಲ್‌ಸಿ ಪರೀಕ್ಷೆಯನ್ನೂ ಜೊತೆಗಿಡಿ. ಕಷಾಯದಲ್ಲಿ ಡಿಎನ್‌ಎ ಛಿದ್ರವಾಗಿರುತ್ತದೆ, ಆದ್ದರಿಂದ ಕಚ್ಚಾ ಬೇರನ್ನೇ ಪರೀಕ್ಷಿಸಿ. ಮಾದರಿ ತರುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ, ಹೂವಿರುವ ಒಂದು ರೆಂಬೆಯನ್ನು ಒಣಸಸ್ಯಗಳ ಸಂಗ್ರಹವಾದ ಹರ್ಬೇರಿಯಂನಲ್ಲಿ ಸಂಖ್ಯೆ ಹಾಕಿಸಿ ಇರಿಸಿ.